ಕನ್ನಡಕದವರು ಮುಳುಗಲು ಕಲಿತದ್ದು

ಕನ್ನಡಕದವರು ಈಜು ಕಲಿಯಲು ಹೊರಟದ್ದಕ್ಕೆ ಕಾರಣ ನೀರಲ್ಲ, ಷಡ್ಡಕ.

ಷಡ್ಡಕ ಅವರ ಹೆಂಡತಿಯ ತಂಗಿಯ ಗಂಡ. ಬಣ್ಣದ ಅಂಗಡಿ ಇಟ್ಟಿದ್ದ. ಆ ಭಾನುವಾರ ಅಕ್ಕ-ಭಾವನನ್ನು ಊಟಕ್ಕೆ ಕರೆದವನು, ಕೈ ತೊಳೆದು ಬರುವಷ್ಟರಲ್ಲಿ ಒಂದು ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ. ಗಿಟಾರಿಗೆ ಇರುವ ತಂತಿಗಳಲ್ಲಿ ಯಾವುದಕ್ಕೂ ಬೇಸರವಾಗದಿರಲೆಂದು ಎಲ್ಲವನ್ನೂ ಒಟ್ಟಿಗೇ ಬಾರಿಸಿದ. ಕಿಟಕಿಯ ಮೇಲೆ ಕೂತಿದ್ದ ಪಾರಿವಾಳ ಎದ್ದು ಹೋಯಿತು. ಅದಕ್ಕೆ ಆ ಸೌಲಭ್ಯವಿತ್ತು.

"ಈ ವಯಸ್ಸಿಗೆ ಹೊಸದೊಂದು ಕಲೀಬೇಕು ಭಾವ," ಎಂದ ಷಡ್ಡಕ, ತಂತಿಗಳು ಇನ್ನೂ ನರಳುತ್ತಿರುವಾಗಲೇ. "ಇಲ್ದಿದ್ರೆ ತಲೆಗೆ ತುಕ್ಕು ಹಿಡಿಯುತ್ತೆ. ನೀವೇ ಹೇಳಿ, ಗಾಜು ತಿಕ್ಕೋದು ಬಿಟ್ರೆ ನಿಮಗೆ ಇನ್ನೇನು ಬರುತ್ತೆ?"

ಗಾಜು ತಿಕ್ಕುವುದೆಂದರೆ ಕನ್ನಡಕದ ಗಾಜು. ಒಂದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ತಿರುಗುವ ಕಲ್ಲಿನ ಮುಂದೆ ಕೂತು, ಗಾಜಿನ ಅಂಚನ್ನು ಚೌಕಟ್ಟಿಗೆ ಸರಿಯಾಗಿ ಸವೆಸುವುದು ಅವರ ಕಸುಬು. ಊರಿನ ಅರ್ಧ ಜನ ಅವರು ಸವೆಸಿದ ಗಾಜಿನಿಂದಲೇ ಜಗತ್ತನ್ನು ನೋಡುತ್ತಿದ್ದರು. ಅವರ ಸ್ವಂತ ಗಾಜು ಮಾತ್ರ ಸೀಸೆಯ ತಳದಷ್ಟು ದಪ್ಪ. ಅದಕ್ಕೇ ಬೀದಿಯವರು ಅವರನ್ನು ಕನ್ನಡಕದವರು ಎನ್ನುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು. ಷಡ್ಡಕನ ಪ್ರಶ್ನೆಗೆ ನಕ್ಕು ಸುಮ್ಮನಾಗುವ ವಯಸ್ಸೇ ಅದು. ಆದರೆ ಎದುರಿಗೆ ಹೆಂಡತಿ ಕೂತಿದ್ದಳು. ಬರುವಾಗ ದಾರಿಯಲ್ಲಿ ಬಸ್ಸು ಒಂದು ಕಟ್ಟಡದ ಮುಂದೆ ನಿಂತಿತ್ತು. ಕೊನೆಯದಾಗಿ ಅವರು ಓದಿದ ಫಲಕ ಆ ಕಟ್ಟಡದ್ದು.

"ನಾನು ಈಜು ಕಲೀತಿದ್ದೀನಿ," ಎಂದರು.

ಬಸ್ಸು ನಾಲ್ಕು ಹೆಜ್ಜೆ ಮುಂದೆ ನಿಂತಿದ್ದರೆ ಅವರು ಹಲ್ಲಿನ ವೈದ್ಯಕೀಯ ಕಲಿಯುತ್ತಿದ್ದರು. ಅಷ್ಟರಮಟ್ಟಿಗೆ ಅದೃಷ್ಟವೆನ್ನಬೇಕು.

ಹೆಂಡತಿ ತಿರುಗಿ ನೋಡಿದಳು. ಇಷ್ಟು ವರ್ಷ ಅವಳು ಗಂಡನನ್ನು ನೋಡುತ್ತಿದ್ದುದು ಸರಿಯಾಗಿ ನಡೆಯುವ ಗೋಡೆ ಗಡಿಯಾರವನ್ನು ನೋಡುವ ಹಾಗೆ. ಅಂದರೆ ಗಂಟೆ ಎಷ್ಟೆಂದು ನೋಡುತ್ತಿದ್ದಳೇ ಹೊರತು ಗಡಿಯಾರವನ್ನಲ್ಲ. ಈಗ ಗಡಿಯಾರವನ್ನು ನೋಡಿದಳು.

ಆ ನೋಟ ಕನ್ನಡಕದವರ ಎದೆಯೊಳಗೆ ಹೋಗಿ ಕೂತಿತು. ಇನ್ನು ಅದನ್ನು ಕಳೆದುಕೊಳ್ಳುವ ಧೈರ್ಯ ಅವರಿಗಿರಲಿಲ್ಲ.

"ಯಾವಾಗಿಂದ?" ಎಂದಳು.

"ಇದೇ ಈಗ... ಈಗೀಗ."

ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿ, ಕೊನೆಗೆ ಕೇಳಿದ್ದು ಒಂದೇ ಮಾತು: "ಅಲ್ಲರೀ, ನೀರಿಗಿಳಿಯೋವಾಗ ಏನು ಹಾಕ್ಕೋತೀರಿ?"

ಅವಳು ಮನೆಯಲ್ಲೇ ಪರದೆ ಹೊಲಿಯುವವಳು. ಮಾರನೆಯ ದಿನ ಯಾರದೋ ಹಜಾರದ ಪರದೆಯಲ್ಲಿ ಉಳಿದ ಬಟ್ಟೆಯಿಂದ ಒಂದು ಚಡ್ಡಿ ಸಿದ್ಧವಾಯಿತು. ಹಿಂದೊಂದು ಮುಂದೊಂದು ದೊಡ್ಡ ಸೂರ್ಯಕಾಂತಿ. ಪರದೆಯನ್ನು ದಿನಾ ಎಳೆಯುತ್ತಾರೆಂದು ಅವಳು ಪರದೆಗೆ ಹಾಕುವುದು ಜೋಡಿ ಹೊಲಿಗೆ. ಚಡ್ಡಿಯನ್ನು ಯಾರೂ ಎಳೆಯುವುದಿಲ್ಲವಾದರೂ ಅದೇ ಹೊಲಿಗೆ ಹಾಕಿದಳು. ಕೈ ಬೇರೆ ಹೊಲಿಗೆ ಕಲಿತಿರಲಿಲ್ಲ.

* * *

ಈಜುಕೊಳ ಹಳೆಯದು. ಮೇಲೆ ಗಾಜಿನ ಮಾಡು, ಸುತ್ತ ಬಿಳಿ ಟೈಲ್ಸ್ ಕೂರಿಸಿದ ಗೋಡೆ, ಕಣ್ಣಿಗೂ ಮೂಗಿಗೂ ಸಮನಾಗಿ ಹೊಡೆಯುವ ಔಷಧಿ ವಾಸನೆ. ಅಲ್ಲಿ ಕಲಿಸುವವರನ್ನು ಎಲ್ಲರೂ ಗುಡುಗು ಎನ್ನುತ್ತಿದ್ದರು. ಅವರು ಮಾತಾಡಿದರೆ ನೀರಿನ ಮೇಲೆ ಸಣ್ಣ ಅಲೆಗಳೇಳುತ್ತಿದ್ದುವು ಎನ್ನುವುದು ಉತ್ಪ್ರೇಕ್ಷೆ. ಆದರೆ ಕೊಳದಲ್ಲಿದ್ದವರು ಅದನ್ನು ನಂಬುತ್ತಿದ್ದರು.

ಕನ್ನಡಕವನ್ನು ಪೆಟ್ಟಿಗೆಯಲ್ಲಿಟ್ಟು ಬಂದ ಕನ್ನಡಕದವರು ಮೊದಲು ಒಂದು ಕಂಬಕ್ಕೆ ಕೈಮುಗಿದು, "ಹೊಸದಾಗಿ ಸೇರಬೇಕಿತ್ತು ಸಾರ್," ಎಂದರು.

"ಇಲ್ಲಿದ್ದೀನಿ ಸ್ವಾಮಿ," ಎಂದರು ಗುಡುಗು, ಹಿಂದಿನಿಂದ. ಕಂಬ ಉತ್ತರ ಕೊಟ್ಟಿದ್ದರೂ ಕನ್ನಡಕದವರು ಅಷ್ಟೊಂದು ಬೆಚ್ಚುತ್ತಿರಲಿಲ್ಲ.

ಕಲಿಕೆ ನಡೆಯಿತು. ನಡೆಯಿತು ಎನ್ನುವುದೇ ಸರಿ, ಏಕೆಂದರೆ ಅವರು ಕೊಳದಲ್ಲಿ ಹೆಚ್ಚಾಗಿ ನಡೆದರು. ಮಲಗಿ ಕಾಲು ಬಡಿಯಿರಿ ಎಂದರೆ ಬಡಿಯುವರು. ಆದರೆ ಏನು ಮಾಯವೋ, ಹಿಂದಕ್ಕೆ ಹೋಗುವರು.

"ಮುಂದೆ ಹೋಗಿ ಅಂದ್ರೆ ಹಿಂದೆ ಹೋಗ್ತೀರಲ್ರೀ! ಗೇರು ಬಿದ್ದಿದ್ದು ಯಾವುದು?"

"ನಾನು ಮುಂದಕ್ಕೇ ಹಾಕಿದ್ದು ಸಾರ್."

ಕೆಲವು ವಾರ ಇದನ್ನು ನೋಡಿ ದಣಿದ ಗುಡುಗು ಒಂದು ಬೆಳಿಗ್ಗೆ, "ಕೈ ಬೇಡ, ಕಾಲೂ ಬೇಡ. ಸುಮ್ನೆ ಬೆನ್ನ ಮೇಲೆ ಮಲಗಿ, ಆಕಾಶ ನೋಡ್ತಾ ಇರಿ," ಎಂದು, ಬೇರೆ ಕೆಲಸಕ್ಕೆ ಹೋದರು. ತರಗತಿಯಲ್ಲಿ ಗದ್ದಲ ಮಾಡುವವನನ್ನು ಹೊರಗೆ ನಿಲ್ಲಿಸುವಂಥ ಮಾತು ಅದು. ಕನ್ನಡಕದವರು ಅದನ್ನು ಪಾಠವೆಂದು ತಿಳಿದರು.

ಮಲಗಿದರು. ನೀರು ಕಿವಿಗೆ ಬಂತು, ಕೆನ್ನೆಗೆ ಬಂತು, ಅಲ್ಲಿಯೇ ನಿಂತಿತು. ಚಡ್ಡಿಯೊಳಗೆ ಗಾಳಿ ತುಂಬಿ ಮುಂದಿನ ಸೂರ್ಯಕಾಂತಿ ಮೆಲ್ಲನೆ ಅರಳಿತು. ಶಬ್ದಗಳೆಲ್ಲ ಪಕ್ಕದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡವು. ಕಣ್ಣಿಗೆ ಕಂಡದ್ದು ಗಾಜಿನ ಮಾಡಲ್ಲ, ಹಾಲು ಚೆಲ್ಲಿದಂಥ ಒಂದು ಬೆಳಕು, ಅದಕ್ಕೆ ಅಂಚಿರಲಿಲ್ಲ. ಜೀವಮಾನವೆಲ್ಲ ಅಂಚು ಸವೆಸಿದವರಿಗೆ ಸವೆಸಲು ಏನೂ ಇಲ್ಲದ ಒಂದು ವಸ್ತು ಮೊದಲ ಸಲ ಸಿಕ್ಕಿತ್ತು. ಅವರು ಅದನ್ನು ನೋಡುತ್ತಾ ನೋಡುತ್ತಾ, ತಾನು ಇರುವುದು ನೀರಿನ ಮೇಲೋ ಬೆಳಕಿನ ಕೆಳಗೋ ಎಂಬುದನ್ನು ಮರೆತರು. ಉಸಿರು ಕೂಡ, ಬೇಕಾದರೆ ಬಂದೇನು ಎಂಬಂತೆ, ನಿಧಾನವಾಗಿ ಬಂದು ಹೋಗುತ್ತಿತ್ತು.

ಅಷ್ಟರಲ್ಲಿ ಜೀವರಕ್ಷಕ ತರಬೇತಿಯ ಹೊಸ ತಂಡ ಒಳಗೆ ಬಂತು. ಮುಂದಿದ್ದವನು ನೋಡಿದ, ಕೂಗಿದ, ಹಾರಿದ. ಹಿಂದಿದ್ದವರು ಅವನು ಕೂಗಿದ್ದನ್ನು ನೋಡಿ ಹಾರಿದರು. ಹತ್ತು ಕೈಗಳು ಕನ್ನಡಕದವರನ್ನು ಬೆಳಕಿನಿಂದ ಕಿತ್ತು ದಡಕ್ಕೆ ತಂದು ಹಾಕಿದವು. ಒಬ್ಬ ಎದೆ ಒತ್ತಲು ಮೊಣಕಾಲೂರಿದ. ಇನ್ನೊಬ್ಬ ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಬಾಗಿದ.

ಕನ್ನಡಕದವರು ಕಣ್ಣು ಬಿಟ್ಟು, ಬಲು ಹತ್ತಿರ ಕಂಡ ಆ ಮಸುಕು ಮುಖವನ್ನು ವಿನಯದಿಂದ ಕೇಳಿದರು: "ನಾವು ಮೊದಲು ಎಲ್ಲಾದರೂ ಭೇಟಿಯಾಗಿದ್ದೀವಾ?"

ಗುಡುಗು ಓಡಿ ಬಂದರು. ಬಂದವರು ಬಯ್ಯಲಿಲ್ಲ. ಕನ್ನಡಕದವರ ಕೈಯನ್ನೊಮ್ಮೆ ಎತ್ತಿ ಬಿಟ್ಟರು. ಕೈ ಒದ್ದೆ ಟವೆಲಿನಂತೆ ಪಟ್ಟೆಂದು ಬಿತ್ತು. ಇನ್ನೊಂದು ಕೈ ಎತ್ತಿ ಬಿಟ್ಟರು. ಅದೂ ಹಾಗೆಯೇ ಬಿತ್ತು. ಗುಡುಗಿನ ಕಣ್ಣಲ್ಲಿ ನೀರಾಡಿತು.

"ಸ್ವಾಮಿ," ಎಂದರು, "ಇಷ್ಟು ವರ್ಷ ಈ ಕೆಲಸದಲ್ಲಿದ್ದೀನಿ. ಇಂಥಾ ಹೆಣ ನೋಡಿರಲಿಲ್ಲ."

ಅವರ ಕಷ್ಟ ಹೀಗಿತ್ತು. ಮುಳುಗಿದವರನ್ನು ಎಳೆದು ತರುವುದನ್ನು ಕಲಿಸಬೇಕಾದರೆ ಮುಳುಗಿದವನೊಬ್ಬ ಬೇಕು. ರಬ್ಬರಿನ ಗೊಂಬೆಯೊಂದಿತ್ತು, ಅದರ ಕಾಲು ಕಳಚಿ, ಕಲಿಯುವವರು ಯಾವುದನ್ನು ಮೊದಲು ಉಳಿಸಬೇಕೆಂದು ಜಗಳವಾಡುತ್ತಿದ್ದರು. ಮನುಷ್ಯರನ್ನು ಹಾಕಿದರೆ ಕಂಕುಳಿಗೆ ಕೈ ಹಾಕಿದ ಕೂಡಲೇ ನಗುವರು, ಇಲ್ಲವೇ ಪಾಪ ಎಂದು ತಾವೂ ಒಂದು ಕಾಲು ಬಡಿದು ನೆರವಾಗುವರು.

"ನೀವು ಒಂಚೂರೂ ಸಹಾಯ ಮಾಡಲಿಲ್ಲ," ಎಂದರು ಗುಡುಗು, ಮೆಚ್ಚುಗೆಯಿಂದ. "ಅದು ಯಾರಿಗೂ ಕಲಿಸಿದರೆ ಬರೋದಲ್ಲ. ಹುಟ್ಟಿನಿಂದ ಬರಬೇಕು."

ಹೀಗೆ ಈಜು ಕಲಿಯಲು ಹೋದ ಕನ್ನಡಕದವರು ಮುಳುಗುವ ಕೆಲಸಕ್ಕೆ ನೇಮಕವಾದರು.

* * *

ಯಾವ ವಿದ್ಯೆಯನ್ನಾದರೂ ಅವರು ಅಚ್ಚುಕಟ್ಟಾಗಿ ಮಾಡುವವರು. ಕುತ್ತಿಗೆಯನ್ನು ಎಷ್ಟು ಸಡಿಲ ಬಿಟ್ಟರೆ ತಲೆ ತಾನಾಗಿ ಹಿಂದಕ್ಕೆ ಬೀಳುತ್ತದೆ, ದವಡೆಯನ್ನು ಎಷ್ಟು ತೆರೆದರೆ ನೀರು ಒಳಗೆ ಬಾರದು, ಬೆರಳುಗಳನ್ನು ಹೇಗಿಟ್ಟರೆ ಅವುಗಳಲ್ಲಿ ಜೀವವಿದೆಯೆಂದು ಅನುಮಾನ ಬಾರದು, ಎಲ್ಲವನ್ನೂ ರೂಢಿ ಮಾಡಿಕೊಂಡರು. ದಡಕ್ಕೆ ತಂದು ಗುಡುಗು ಭುಜ ತಟ್ಟುವವರೆಗೂ ಕಣ್ಣು ಬಿಡುತ್ತಿರಲಿಲ್ಲ. ಒಂದೆರಡು ಸಲ ಹಾಗೆಯೇ ನಿದ್ದೆ ಹೋಗಿದ್ದೂ ಉಂಟು. ತಂಡದವರು ಅವರ ಸುತ್ತ ಕೂತು ಕ್ರಿಕೆಟ್ಟಿನ ಸುದ್ದಿ ಮಾತಾಡುತ್ತಿದ್ದರು.

ಮನೆಗೆ ಬಂದರೆ ಹೆಂಡತಿ ಟವೆಲು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು. ಮೊದಲು ಹಾಗೆ ನಿಲ್ಲುತ್ತಿರಲಿಲ್ಲ.

"ಇವತ್ತೇನು ಮಾಡಿದ್ರಿ?"

"ಪ್ರಾಣರಕ್ಷಣೆ."

ಇದು ಸುಳ್ಳಲ್ಲ. ಪ್ರಾಣರಕ್ಷಣೆಗೆ ಇಬ್ಬರು ಬೇಕು. ಆ ಇಬ್ಬರಲ್ಲಿ ತಾನು ಯಾರೆಂದು ಅವರು ಹೇಳಲಿಲ್ಲ, ಅವಳು ಕೇಳಲಿಲ್ಲ. ಟವೆಲು ಚಾಚಿದ ಅವಳ ಕೈ ಮಾತ್ರ ಅರ್ಧದಲ್ಲಿ ನಿಂತಿತು.

"ಅಬ್ಬಾ," ಎಂದಳು. ಮತ್ತೆ ಆ ನೋಟ.

ಮೇಲಿನ ಮನೆಯಲ್ಲೊಬ್ಬರು ನಿವೃತ್ತ ಟೀಚರ್ ಇದ್ದರು. ಪಾಠ ಹೇಳುವುದು ನಿಂತರೂ ಗಂಟಲು ನಿಂತಿರಲಿಲ್ಲ. ಅವರು ಸುದ್ದಿಯನ್ನು ಮೆಟ್ಟಿಲ ಬಳಿ ನಿಂತು ಒಮ್ಮೆ ಹೇಳಿದರೆ ಸಾಕು, ನೆಲಮಹಡಿಯವರು ಬಾಗಿಲು ತೆಗೆಯಬೇಕಾಗಿಯೂ ಇರಲಿಲ್ಲ. ವಾರ ಕಳೆಯುವುದರೊಳಗೆ ಕನ್ನಡಕದವರು ಜೀವರಕ್ಷಕರೆಂದು ಕಟ್ಟಡವೆಲ್ಲ ಒಪ್ಪಿಯಾಗಿತ್ತು.

ಒಪ್ಪಿದ ಮೇಲೆ ಉಪಯೋಗಿಸಿಕೊಳ್ಳದೆ ಬಿಡುವುದುಂಟೇ? ಪಕ್ಕದ ಮನೆಯ ಸೊಸೆ ಕೂಸನ್ನು ಟಬ್ಬಿನಲ್ಲಿ ಕೂರಿಸಿ, "ಅಂಕಲ್, ಒಂದು ಗಳಿಗೆ ಇಲ್ಲೇ ನಿಂತಿರಿ, ನೀವಿದ್ರೆ ಧೈರ್ಯ," ಎಂದಳು. ಅವರು ಟಬ್ಬಿನ ಪಕ್ಕ ಕೈಕಟ್ಟಿ ನಿಂತರು. ಕೂಸು ಅವರ ಮೇಲೆ ನೀರೆರಚಿತು. ತಾರಸಿಯ ನೀರಿನ ತೊಟ್ಟಿಯೊಳಗೆ ಯಾರದೋ ಚೆಂಬು ಬಿದ್ದಾಗ ನಾಲ್ಕು ಮನೆಯವರು ಸೇರಿ ಅವರನ್ನು ಏಣಿಯ ಬಳಿ ಕರೆದೊಯ್ದರು.

"ಇಳಿದುಬಿಡಿ ಸಾರ್, ನಿಮಗೇನು ಮಹಾ!"

ಕನ್ನಡಕದವರು ತೊಟ್ಟಿಯೊಳಗೆ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು, "ಚೆಂಬಿಗೆ ಪ್ರಾಣವಿಲ್ಲ," ಎಂದರು. ಆ ಮಾತಿನ ತೂಕಕ್ಕೆ ನಾಲ್ಕು ಮನೆಯವರೂ ತಲೆಬಾಗಿದರು. ಆ ತೊಟ್ಟಿಯ ನೀರನ್ನು ಇಡೀ ಕಟ್ಟಡ ಎಂದಿನಂತೆ ಕುಡಿಯಿತು.

ಅಂಗಡಿಯ ಯಜಮಾನರು ಗಿರಾಕಿಗಳಿಗೆ, "ನಿಮ್ಮ ಗಾಜು ತಿಕ್ಕಿದ್ದು ಯಾರು ಗೊತ್ತಾ? ಎಷ್ಟೋ ಜನರ ಜೀವ ಉಳಿಸಿದ ಕೈ ಅದು," ಎನ್ನತೊಡಗಿದರು. ಒಬ್ಬ ಮುದುಕಿ ಹಿಂದಿನ ಕೋಣೆಗೇ ಬಂದು ಆ ಕೈಯನ್ನು ಮುಟ್ಟಿ ಹೋದಳು.

ಷಡ್ಡಕ ಫೋನು ಮಾಡಿದ. ಹಿಂದೆ ಗಿಟಾರಿನ ಸದ್ದಿರಲಿಲ್ಲ.

"ಭಾವ, ನಿಜ ಹೇಳಿ. ಯಾರನ್ನಾದ್ರೂ ಎಳೆದು ತಂದಿದ್ದೀರಾ?"

"ಇಲ್ಲಪ್ಪ."

"ನೋಡಿ! ಹೇಳ್ಕೊಳ್ಳೋದೂ ಇಲ್ಲ!" ಎಂದು ಅವನು ಸೋತ ದನಿಯಲ್ಲಿ ತನ್ನ ಹೆಂಡತಿಗೆ ಹೇಳುವುದು ಕೇಳಿಸಿತು. "ಇದಕ್ಕೇ ಕಣೆ ನನಗೆ ಭಾವನನ್ನ ಕಂಡ್ರೆ ಆಗಲ್ಲ."

* * *

ತರಬೇತಿ ಮುಗಿಯುವ ಹೊತ್ತಿಗೆ ಗುಡುಗು ಒಂದು ಪ್ರದರ್ಶನ ಇಟ್ಟುಕೊಂಡರು. ಕುರ್ಚಿ ಹಾಕಿಸಿ ಜನರನ್ನು ಕರೆಯುವುದು, ದೊಡ್ಡ ಅಧಿಕಾರಿಯೊಬ್ಬರಿಂದ ಎರಡು ಮಾತಾಡಿಸುವುದು, ಬಳಿಕ ತಂಡದವರು ಮುಳುಗಿದ ಮನುಷ್ಯನೊಬ್ಬನನ್ನು ಉಳಿಸಿ ತೋರಿಸುವುದು. ಆ ಅಧಿಕಾರಿ ಮೇಲಿನ ಮನೆಯ ಟೀಚರ ಹಳೆಯ ವಿದ್ಯಾರ್ಥಿ. ಹಾಗಾಗಿ ಕನ್ನಡಕದವರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕಟ್ಟಡವೆಲ್ಲ ಹೊರಡುವುದೆಂದು ತೀರ್ಮಾನವಾಗಿತ್ತು. ಷಡ್ಡಕನೂ ಸಂಸಾರ ಸಮೇತ ಬರುವನಿದ್ದ.

ಕನ್ನಡಕದವರು ಓಡಿದ್ದು ಗುಡುಗಿನ ಬಳಿಗೆ. "ಸಾರ್, ಆವತ್ತೊಂದು ದಿನ ನಾನು ಯಾರನ್ನಾದ್ರೂ ಉಳಿಸಬಹುದಾ? ಸಣ್ಣಗಿರೋರನ್ನ?"

ಗುಡುಗು ಈ ಪ್ರಸ್ತಾಪವನ್ನು ಗಂಭೀರವಾಗಿಯೇ ಯೋಚಿಸಿದರು. "ನೀವು ಉಳಿಸೋಕೆ ಹೋದ್ರೆ ಅವನನ್ನ ಹಿಂದಕ್ಕೆ ತಗೊಂಡು ಹೋಗ್ತೀರಿ. ಆಗ ಅವನನ್ನ ಉಳಿಸೋಕೆ ಒಬ್ಬ, ನಿಮ್ಮನ್ನ ಉಳಿಸೋಕೆ ಒಬ್ಬ. ಎಲ್ಲರೂ ನೀರಲ್ಲೇ ಇದ್ರೆ ಚಪ್ಪಾಳೆ ತಟ್ಟೋರು ಯಾರು? ಬೇಡ ಸ್ವಾಮಿ. ನೀವು ಮುಳುಗಿ. ನಿಮ್ಮ ಹಾಗೆ ಇನ್ಯಾರಿದ್ದಾರೆ?"

ಉಳಿದದ್ದು ಹೆಂಡತಿಗೆ ನಿಜ ಹೇಳುವ ದಾರಿ. ಅವಳು ಹೊಸ ಚಡ್ಡಿ ಹೊಲಿಯುತ್ತಿದ್ದಳು. ನಾಟಕಶಾಲೆಯ ತೆರೆಯಲ್ಲಿ ಉಳಿದ ಕಡುನೀಲಿ ಮಖಮಲ್ಲು. ತುಟಿಗಳ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡು ಅಳತೆ ಹಿಡಿದಿದ್ದಳು.

"ಅದೇ... ಅಲ್ಲಿ ನಾನು," ಎಂದರು, "ಅಂದರೆ ಉಳಿಸೋದು ಅಂತಾರಲ್ಲ, ಅದರಲ್ಲಿ..."

"ಹ್ಞೂಂ?" ಎಂದಳು ಸೂಜಿಗಳ ಸಂದಿಯಿಂದ.

"ಉಳಿಸೋನು ಅಂತ ಒಬ್ಬ ಇರ್ತಾನೆ. ಅವನಲ್ಲದೆ ಇನ್ನೊಬ್ಬನೂ..."

ಅವಳು ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿ, ತಲೆಯೆತ್ತಿ ನೋಡಿದಳು. ಅದೇ ನೋಟ. ಈ ಸಲ ಅದರಲ್ಲಿ ಸ್ವಲ್ಪ ನಗುವೂ ಇತ್ತು.

"ಏನು ಹೇಳಿ."

"ಗುಂಡಿ ಬೇಡ ಅಂತ," ಎಂದರು ಕನ್ನಡಕದವರು. "ಲಾಡಿನೇ ಇರಲಿ."

* * *

ಆ ದಿನ ಗಾಜಿನ ಮಾಡಿನಿಂದ ಇಳಿದ ಬಿಸಿಲು ಕೊಳದ ತಳದವರೆಗೂ ಹೋಗಿ ಅಲ್ಲಿ ಬಲೆ ಹೆಣೆಯುತ್ತಿತ್ತು. ಕುರ್ಚಿಗಳನ್ನು ಮೆಟ್ಟಿಲಿರುವ ಕಡೆಗೆ ಹಾಕಿದ್ದರು. ಅಧಿಕಾರಿಗೆ ಆ ಕಡೆ ನೆರಳು. ಹಾಗಾಗಿ ಉಳಿಸುವುದೂ ಅಲ್ಲಿಯೇ ಎಂದಾಯಿತು. ಮೊದಲ ಸಾಲಿನಲ್ಲಿ ಹೆಂಡತಿ, ಹಳದಿ ಬಟ್ಟೆಯಲ್ಲಿ. ಪಕ್ಕದಲ್ಲಿ ಟೀಚರ್, ಆಚೆ ಷಡ್ಡಕ. ಕನ್ನಡಕದವರು ತಮ್ಮ ಕನ್ನಡಕವನ್ನು ತೆಗೆದು ಹೆಂಡತಿಯ ಕೈಗೆ ಕೊಟ್ಟರು. ಅವಳು ಅದನ್ನು ಕೈಚೀಲದಲ್ಲಿಟ್ಟು ಚೀಲವನ್ನು ಮಡಿಲಲ್ಲಿಟ್ಟುಕೊಂಡಳು. ಆ ಕ್ಷಣದಿಂದ ಅವರ ಪಾಲಿಗೆ ಅವಳು ಒಂದು ಹಳದಿ ಮಚ್ಚೆ.

ಏರ್ಪಾಡು ಸರಳವಾಗಿತ್ತು. ಕನ್ನಡಕದವರು ನೀರಿಗಿಳಿದು ಮುಳುಗಿದವರಾಗುವುದು, ಅಧಿಕಾರಿ ಎರಡು ಮಾತಾಡಿ ಕೂರುವುದು, ಗುಡುಗು ಸೀಟಿ ಊದುವುದು, ತಂಡ ಹಾರುವುದು.

ಕನ್ನಡಕದವರು ಇಳಿದರು, ಮಲಗಿದರು, ಮುಳುಗಿದವರಾದರು. ಅಧಿಕಾರಿ ಎದ್ದು ನಿಂತು ಎರಡು ಮಾತು ಶುರು ಮಾಡಿದರು.

ದಡದಲ್ಲಿ ನಡೆದದ್ದನ್ನು ಆಮೇಲೆ ಟೀಚರ್ ಮನೆಯ ಮೆಟ್ಟಿಲ ಬಳಿ ಅನೇಕ ಸಲ ಹೇಳಿರುವುದರಿಂದ ಅದರಲ್ಲಿ ತಪ್ಪಿರಲಾರದು. ಅಧಿಕಾರಿ ಜೀವದ ಬೆಲೆಯ ಬಗ್ಗೆ ಮಾತಾಡಿದರು. ನೀರಿನ ಉಪಯೋಗಗಳಿಗೆ ಬಂದರು. ಅಲ್ಲಿಂದ ತಮ್ಮ ಬಾಲ್ಯಕ್ಕೆ ಹೋದರು. ಗುಡುಗು ಸೀಟಿಯನ್ನು ತುಟಿಗಿಟ್ಟುಕೊಂಡು ಕಾದರು. ಅಧಿಕಾರಿ ಮಾತಾಡುವಾಗ ಸೀಟಿ ಊದಿದವನು ಆಮೇಲೆ ಎಲ್ಲಿ ಊದಬೇಕಾಗುತ್ತದೆಂದು ಅವರಿಗೆ ಗೊತ್ತಿತ್ತು. ತಂಡದವರು ಒಂದು ಕಾಲು ಮುಂದಿಟ್ಟು, ಹಾರುವ ಭಂಗಿಯಲ್ಲಿ, ಅಂಗಡಿ ಗೊಂಬೆಗಳಂತೆ ನಿಂತಿದ್ದರು.

ನೀರಿನ ನಡುವೆ ಕಡುನೀಲಿ ಮಖಮಲ್ಲು ಮೆಲ್ಲಗೆ ಒಂದು ಸುತ್ತು ತಿರುಗಿತು.

"ಯಾಕೆ ಅಲ್ಲಾಡ್ತಾನೇ ಇಲ್ಲ?" ಎಂದು ಕೇಳಿದಳು ಹೆಂಡತಿ.

"ಅದೊಂದು ಬಗೆಯ ಈಜು," ಎಂದರು ಟೀಚರ್. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ಅವರ ಉದ್ಯೋಗದಲ್ಲಿರಲಿಲ್ಲ.

"ಉಸಿರು ಹಿಡಿದಿದ್ದಾರೆ ಅಕ್ಕ," ಎಂದ ಷಡ್ಡಕ. "ಈಗ ನೋಡಿ, ಯಾರನ್ನಾದ್ರೂ ಉಳಿಸಿಬಿಡ್ತಾರೆ."

"ಯಾರನ್ನ? ನೀರಲ್ಲಿ ಇರೋದು ಅವರೊಬ್ಬರೇ ಅಲ್ವಾ?"

ಷಡ್ಡಕ ನೀರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದ. ಅವನ ಬಣ್ಣ ಇಳಿಯಿತು.

ಹೆಂಡತಿ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

"ಕೂತ್ಕೊಳ್ಳಿ ತಾಯಿ, ಮುಗೀತಾ ಬಂತು," ಎಂದರು ಅಧಿಕಾರಿ. ಅವರ ಬಾಲ್ಯ ಇನ್ನೂ ಏಳನೆಯ ತರಗತಿಯಲ್ಲಿತ್ತು.

ಅವಳಿಗೆ ಅದು ಕೇಳಿಸಲಿಲ್ಲ. ಕೈಚೀಲ ಹೆಗಲಿಗೇರಿಸಿ, ಸಂತೆಗೆ ಹೊರಟವಳಂತೆ ನೇರ ನಡೆದಳು. ಅಂಚು ಬಂತು, ನಿಲ್ಲಲಿಲ್ಲ. ಮೆಟ್ಟಿಲು ಬಂತು, ಇಳಿದಳು. ಚಪ್ಪಲಿ ಸಮೇತ, ಬಟ್ಟೆ ಸಮೇತ. ಮೆಟ್ಟಿಲು ಮುಗಿಯಿತು, ಮುಂದೆಯೂ ಕಾಲಿಟ್ಟಳು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಹಳದಿ ಬಟ್ಟೆ ಸುತ್ತ ಅರಳಿ ನಿಂತಿತು. ಹಾರಲು, ಮುಳುಗಲು, ಎಳೆಯಲು ತಿಂಗಳುಗಟ್ಟಲೆ ಕಲಿತ ತಂಡದ ಮುಂದೆ ಅವಳು ನೀರಿನಲ್ಲಿ ಸುಮ್ಮನೆ ನಡೆದುಕೊಂಡು ಹೋದಳು.

ಕನ್ನಡಕದವರು ಬೆಳಕಿನ ಕೆಳಗಿದ್ದರು. ಅಂಚಿಲ್ಲದ ಆ ಹಾಲಿನೊಳಗೆ ಒಂದು ಹಳದಿ ಬಂದು ಸೇರಿತು. ಮೊದಲು ಮಚ್ಚೆಯಷ್ಟು, ಆಮೇಲೆ ಹೂವಿನಷ್ಟು, ಆಮೇಲೆ ಮಾಡಿನಷ್ಟು. ಚೆನ್ನಾಗಿದೆ ಎಂದುಕೊಂಡರು. ಅಷ್ಟರಲ್ಲಿ ಯಾರೋ ಅವರ ಸೊಂಟಕ್ಕೆ ಕೈ ಹಾಕಿ ಮಖಮಲ್ಲನ್ನು ಹಿಡಿದರು.

ಯಾವ ತರಬೇತಿಯಲ್ಲೂ ಹಾಗೆ ಹಿಡಿಯುವುದನ್ನು ಹೇಳಿಕೊಡುವುದಿಲ್ಲ. ಗದ್ದ ಹಿಡಿಯಬೇಕು, ಕಂಕುಳು ಹಿಡಿಯಬೇಕು. ಆದರೆ ಆ ಕೈಗೆ ಆ ಹೊಲಿಗೆಯ ಮೇಲೆ ಇದ್ದ ನಂಬಿಕೆ ಇನ್ನಾವುದರ ಮೇಲೂ ಇರಲಿಲ್ಲ. ಎಳೆಯಿತು. ಹೊಲಿಗೆ ಬಿಡಲಿಲ್ಲ.

ಕನ್ನಡಕದವರು ಕಸುಬು ಬಿಟ್ಟುಕೊಡುವವರಲ್ಲ. ತಂಡದವನೇ ಇರಬೇಕು, ಹೊಸ ಪಟ್ಟು ಎಂದುಕೊಂಡು ಕುತ್ತಿಗೆಯನ್ನು ಇನ್ನಷ್ಟು ಸಡಿಲ ಬಿಟ್ಟರು. ತಲೆ ಪಕ್ಕಕ್ಕೆ ಹೊರಳಿ ಒಂದು ಕಿವಿ ನೀರಿನಿಂದ ಹೊರಬಂತು. ಆಗ ಕೇಳಿಸಿತು.

"ರೀ. ರೀ... ಕೇಳಿಸ್ತಾ ಇದೆಯಾ? ಈಜೂ ಬೇಡ, ಗೀಜೂ ಬೇಡ. ಏಳಿ, ಮನೆಗೆ ಹೋಗೋಣ. ಗಾಜು ತಿಕ್ಕೊಂಡು ಇರಿ ಸಾಕು. ನಾನೇನು ನಿಮ್ಮನ್ನ ಊರು ಉದ್ಧಾರ ಮಾಡಿ ಅಂದಿದ್ನಾ? ಯಾರನ್ನೋ ಉಳಿಸ್ತಾರಂತೆ, ಯಾರನ್ನೋ... ಕಣ್ಣು ಬಿಡ್ರೀ. ಬಿಡ್ತೀರೋ ಇಲ್ವೋ?"

ಕನ್ನಡಕದವರ ಮುಳುಗುವ ವೃತ್ತಿಯಲ್ಲಿ ಇದೊಂದೇ ಸಲ, ದಡ ಸಿಗುವ ಮೊದಲೇ ಅವರು ಕಣ್ಣು ಬಿಟ್ಟರು.

"ಬಿಟ್ಟೆ," ಎಂದರು.

ಅವಳು ನಿಂತಳು. ಕೈ ಮಾತ್ರ ಮಖಮಲ್ಲನ್ನು ಬಿಡಲಿಲ್ಲ. ಅವರೂ ಕಾಲೂರಿ ನಿಂತರು. ಕೊಳದ ನಡುವೆ ಎದೆಮಟ್ಟದ ನೀರಿನಲ್ಲಿ ಇಬ್ಬರೂ ಎದುರು ಬದುರು.

"ಬದುಕಿದ್ದೀರಾ?"

"ಹೂಂ ಕಣೆ. ಇದೇ ನನ್ನ ಕೆಲಸ."

"ಯಾವುದು?"

"ಮುಳುಗೋದು. ಉಳಿಸೋದು ಅವರು. ದಡದಲ್ಲಿ ಹಾರೋಕೆ ನಿಂತಿರ್ತಾರಲ್ಲ, ಅವರು. ನಾನು ಯಾರನ್ನೂ ಉಳಿಸಿಲ್ಲ. ನನಗೆ ಈಜೂ ಬರಲ್ಲ. ಸುಮ್ನೆ ಮಲಗೋಕೆ ಬರುತ್ತೆ, ಅಷ್ಟೇ."

ಅವಳು ಅವರನ್ನು ನೋಡಿದಳು. ನೋಡುತ್ತಿದ್ದಾಳೆಂದು ಕನ್ನಡಕದವರಿಗೆ ತಿಳಿಯಿತು. ಹೇಗೆ ನೋಡುತ್ತಿದ್ದಾಳೆಂದು ತಿಳಿಯಲಿಲ್ಲ. ಇಷ್ಟು ದಿನ ಯಾವ ನೋಟವನ್ನು ಕಾಯ್ದುಕೊಳ್ಳಲು ಇಷ್ಟೆಲ್ಲ ಮುಳುಗಿದರೋ ಅದು ಇತ್ತೋ ಹೋಯಿತೋ ಎಂದು ನೋಡಲು ಬೇಕಾದ ವಸ್ತು ಅವಳ ಕೈಚೀಲದಲ್ಲಿತ್ತು. ಕೇಳಿದರು. ಅವಳು ಚೀಲದಿಂದ ನೀರು ಚೆಲ್ಲಿ, ಹುಡುಕಿ, ತೆಗೆದುಕೊಟ್ಟಳು. ಹಾಕಿಕೊಂಡರು. ಗಾಜಿನ ತುಂಬ ಹನಿಗಳು. ಒಂದೊಂದು ಹನಿಯಲ್ಲೂ ಒಬ್ಬೊಬ್ಬಳು ಹಳದಿ ಹೆಂಡತಿ, ಎಲ್ಲರೂ ತಲೆಕೆಳಗು.

ದಡದಲ್ಲಿ ಅಧಿಕಾರಿ ಸಾವರಿಸಿಕೊಂಡಿದ್ದರು. "ಈ ತಾಯಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ," ಎಂದು ಅವರು ಮತ್ತೆ ಹೊರಟಾಗ ಗುಡುಗು ತುಟಿಯವರೆಗೆ ತಂದಿದ್ದ ಸೀಟಿಯನ್ನು ಮತ್ತೆ ಕೆಳಗಿಳಿಸಿದರು.

"ಇಲ್ಲಿ ಆಳ ಇಲ್ಲ ಅಂತ ನಿನಗೆ ಹೇಗೆ ಗೊತ್ತಿತ್ತು?" ಎಂದು ಕೇಳಿದರು ಕನ್ನಡಕದವರು.

"ಇಳಿದ ಮೇಲೆ ಗೊತ್ತಾಯ್ತು," ಎಂದಳು ಅವಳು.

ಕನ್ನಡಕದವರು ಕನ್ನಡಕವನ್ನು ತೆಗೆದರು. ಅದನ್ನು ಒರೆಸಲು ಒಣಗಿದ ಬಟ್ಟೆ ಇಬ್ಬರ ಮೇಲೂ ಇರಲಿಲ್ಲ.

ಅವಳ ಬಟ್ಟೆಯೊಳಗಿನ ಗಾಳಿ ಗುಳ್ಳೆಗಳಾಗಿ ಒಂದೊಂದೇ ಹೊರಬರುತ್ತಿತ್ತು.

"ಮಲಗೋದು ಅಂದ್ರೆ?" ಎಂದಳು. "ಅದೇ, ನಿಮಗೆ ಬರುತ್ತೆ ಅಂದ್ರಲ್ಲ. ಹೇಗೆ ಮಲಗ್ತೀರಿ?"

"ಇಲ್ಲೇನಾ? ಈಗ್ಲೇನಾ? ಎಲ್ಲರೂ ನೋಡ್ತಿದ್ದಾರೆ."

"ಹೆಚ್ಚು ಕಡಿಮೆ ಎಲ್ಲಾ ನೋಡಿ ಆಯ್ತಲ್ಲ."

ಅವರು ಒಂದು ಅಂಗೈಯನ್ನು ಅವಳ ತಲೆಯ ಹಿಂದೆ, ಇನ್ನೊಂದನ್ನು ಬೆನ್ನಿಗೆ ಇಟ್ಟರು. "ತಲೆಯ ಭಾರ ನನ್ನ ಕೈಗೆ ಬಿಡು."

"ಬಿಟ್ಟಿದ್ದೀನಿ."

"ಇಲ್ಲ. ಇನ್ನೂ ನೀನೇ ಹಿಡ್ಕೊಂಡಿದ್ದೀಯ."

"ಇಷ್ಟು ವರ್ಷ ಹಿಡ್ಕೊಂಡು ಬಂದಿರೋ ತಲೆ. ಒಂದೇ ಸಲ ಬಿಡು ಅಂದ್ರೆ?"

"ಒಂದೇ ಸಲ ಬೇಡ. ನಿಧಾನವಾಗಿ ಬಿಡು."

ಬಿಟ್ಟಳು. ನೀರು ಅವಳ ಕಿವಿಗೆ ಬಂತು, ಕೆನ್ನೆಗೆ ಬಂತು, ನಿಂತಿತು. ಒಂದು ಚಪ್ಪಲಿ ಕಾಲಿನಿಂದ ಜಾರಿ, ತನ್ನ ದಾರಿ ಹಿಡಿದು ತೇಲಿಹೋಯಿತು. ಕನ್ನಡಕದವರು ಬೆನ್ನಿನ ಕೈ ತೆಗೆದರು. ಆಮೇಲೆ ತಲೆಯ ಕೈ ತೆಗೆದರು. ಅವಳಿಗೆ ಗೊತ್ತಾಗಲಿಲ್ಲ. ಅವಳು ಮೇಲೆ ನೋಡುತ್ತಿದ್ದಳು.

ಅಧಿಕಾರಿ ಈಗ ತ್ಯಾಗದ ವಿಷಯಕ್ಕೆ ಬಂದಿದ್ದರು.

"ರೀ," ಎಂದಳು ಅವಳು. ಕಿವಿಯಲ್ಲಿ ನೀರಿದ್ದವರು ತಮ್ಮ ದನಿ ಎಷ್ಟು ಜೋರಿದೆಯೆಂದು ತಿಳಿಯರು. ಆ ಮಾತು ಗಾಜಿನ ಮಾಡಿಗೆ ಬಡಿದು ಇಡೀ ಕೊಳದ ಮೇಲೆ ಇಳಿಯಿತು. "ಇಲ್ಲಿ ಏನೂ ಕೇಳಿಸೋದೇ ಇಲ್ಲ ರೀ! ಎಷ್ಟು ಚೆನ್ನಾಗಿದೆ!"

ಅಧಿಕಾರಿ ಭಾಷಣದ ಹಾಳೆಯನ್ನು ಮಡಿಸಿ, ಕೂತರು.